ಐದನೇ ದಿನದ ಮಣಿ

ಈಗ ಚುಚ್ಚಿತಲ್ಲ, ಕಿಬ್ಬೊಟ್ಟೆಯ ಎಡಗಡೆ, ಸಣ್ಣಗೆ, ಸೂಜಿಮೊನೆ ತಾಗಿದ ಹಾಗೆ — ಶಿವಲೀಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಉಸಿರು ಹಿಡಿದಳು, ಬಂತೇನೋ, ಬರಲಿ ತಾಯಿ, ಬಂದುಬಿಡಲಿ, ಹಿಟ್ಟಿನ ಕೈಯಲ್ಲೇ ಬಚ್ಚಲಿಗೆ ಓಡಿ ನೋಡಿಕೊಂಡಳು, ಏನಿಲ್ಲ, ಬೆಳಗಿನಿಂದ ಇದು ನಾಲ್ಕನೇ ಸಲ, ವಾಪಸ್ಸು ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲು, ಅತ್ತೆ ತಿಪ್ಪೇರುದ್ರಮ್ಮ ಕಟ್ಟೆಯ ಮೇಲಿಂದಲೇ, ಏನವಾ, ರೊಟ್ಟಿ ಸುಡಾಕತ್ತೀಯೋ ಮನಿ ಸುಡಾಕತ್ತೀಯೋ, ಇಲ್ಲ ಅತ್ತಿ, ಕೂಸು ಎದ್ದಂಗಾತು ಅಂತ ಹೋಗಿದ್ದೆ — ಸುಳ್ಳು, ಕೂಸು ಜೋಲಿಯಲ್ಲಿ ಬಾಯಿ ತೆರೆದು ಮಲಗಿದೆ, ತುಟಿಯಂಚಿನಲ್ಲಿ ಹಾಲು ಒಣಗಿದೆ, ಹದಿನಾಲ್ಕು ತಿಂಗಳ ಜೀವ, ಇದನ್ನು ಹೆರುವಾಗಲೇ ಎರಡನೇ ಸಲ ಹೊಟ್ಟೆ ಕೊಯ್ದದ್ದು, ಮೂರು ಬಾಟಲಿ ರಕ್ತ ಏರಿಸಿದ್ದು, ಡಾಕ್ಟ್ರಮ್ಮ ಕನ್ನಡಕ ತೆಗೆದು, ಮೂರು ವರ್ಷ ಬ್ಯಾಡಮ್ಮ, ಒಳಗಿನ ಹೊಲಿಗೆ ಬಿಚ್ಚಿದ್ರೆ ನಿನ್ನ ಉಳಿಸೋದು ಕಷ್ಟ ಎಂದಿದ್ದು, ಉಳಿಸೋದು, ತಾನಿಲ್ಲದಿದ್ದರೆ ಹಿರಿಯ ಮಗಳ ಜಡೆ ಯಾರು ಹಾಕುತ್ತಾರೆ, ಅವಳು ಬೇರೆ ಯಾರ ಕೈಗೂ ತಲೆ ಕೊಡುವುದಿಲ್ಲ. ಗುಳಿಗೆ ನುಂಗಿದರೆ ಅರ್ಧತಲೆ ಸಿಡಿದು ಕಣ್ಣಿಗೆ ಕತ್ತಲೆ, ಕಾಪರ್‌-ಟಿ ಹಾಕಿಸಿದರೆ ಹದಿನೈದು ದಿನ ನಿಲ್ಲದ ರಕ್ತ, ಆಪರೇಷನ್ ಎಂದರೆ ಅತ್ತೆ, ಎರಡೂ ಹೆಣ್ಣು, ಒಂದು ಗಂಡಾಗ್ಲಿ ಆಮ್ಯಾಲೆ ಮಾಡಿಸ್ಕ್ಯಾ, ಕೊನೆಗೆ ಆಶಾ ಕೆಲಸದ ನಾಗರತ್ನಕ್ಕ ಒಂದು ಮಣಿಸರ ತಂದುಕೊಟ್ಟಳು — ಒಂದು ಕೆಂಪು ಮಣಿ, ಆಮೇಲೆ ಆರು ಕಂದು, ಹನ್ನೆರಡು ಬಿಳಿ, ಉಳಿದವು ಮತ್ತೆ ಕಂದು, ರಬ್ಬರಿನ ಉಂಗುರವನ್ನು ದಿನಕ್ಕೊಂದು ಮಣಿ ಸರಿಸಬೇಕು, ಬಿಳಿಯ ಮೇಲಿದ್ದಾಗ ಗಂಡ ಹತ್ತಿರ ಬರಬಾರದು, ಗುಳಿಗೆಯಿಲ್ಲ, ಸೂಜಿಯಿಲ್ಲ. ಕಾಂತೇಶನೂ ಒಪ್ಪಿದ್ದ, ಕುರಿಯ ಹಿಂದೆ ಹಿರೇಹಡಗಲಿ ಕಡೆ ಹೋದರೆ ಎಷ್ಟೋ ದಿನಕ್ಕೊಮ್ಮೆ ಮನೆ ಕಾಣುವವನು, ಬಂದವನೇ ಕಿವಿಯ ಹತ್ತಿರ, ಏನಲೇ, ಇವತ್ತು ಕಂದೋ ಬಿಳಿಯೋ, ಬಿಳಿ ಎಂದರೆ ಮರುಮಾತಿಲ್ಲದೆ ಕಂಬಳಿ ಎತ್ತಿಕೊಂಡು ಕಟ್ಟೆಗೆ, ನಮ್ಮ ಟಗರಿಗೂ ಒಂದು ಸರ ಕೊಡಸು ಅತ್ಲಾಗ ಎಂದು ನಗುತ್ತ, ಅಂಥವನಿಗೆ ಕಳೆದ ಸಲ ಕಂದು ಎಂದು ಹೇಳುವಾಗ ತನಗೇ ಎಷ್ಟು ಹಿಗ್ಗು, ಐದನೇ ಮಣಿ, ಕಂದೇ, ಎರಡು ಸಲ ಎಣಿಸಿದ್ದಳು, ಈಗ ಉಂಗುರ ಮೂವತ್ತೊಂದಕ್ಕೆ ಬಂದಿದೆ, ಯಾವಾಗಲೂ ಇಪ್ಪತ್ತೇಳಕ್ಕೆ ಹೊರಗಾಗುತ್ತಿದ್ದಳು, ಇರಲಿ, ಇನ್ನೂ ಒಂದು ಮಣಿಯಿದೆ, ಒಂದು ದಿನವೂ ತಪ್ಪದೆ ಸರಿಸಿದ್ದಾಳಲ್ಲ, ಮತ್ತೇಕೆ ಈ ಹೆದರಿಕೆ.

ಶಿವಲೀಲಾ, ಕೂಸಿನ ತೂಕ ನೋಡೂಣು ಬಾ ಎಂದು ನಾಗರತ್ನಕ್ಕ ಒಳಗೇ ಬಂದುಬಿಟ್ಟಳು, ಅತ್ತೆ ಹಟ್ಟಿಯ ಕಡೆ ಹೋದದ್ದು ಒಳ್ಳೆಯದಾಯಿತು, ನಿಂತ ನಿಲುವಿನಲ್ಲೇ ಎಲ್ಲ ಹೇಳಿಬಿಟ್ಟಳು ಇವಳು, ಎಲ್ಲೈತಿ ಸರ, ತೋರಸು, ಅಲ್ಲೇ ಅಕ್ಕ, ದೇವರ ಜಗಲಿ ಮೊಳಿಗೆ, ಅತ್ತಿ ಅದನ್ನ ಮೈಲಾರದ ಪ್ರಸಾದ ಅಂದ್ಕೊಂಡು ತಾನ ತೂಗುಹಾಕ್ಯಾಳ, ನಾಗರತ್ನಕ್ಕ ನಕ್ಕಳು, ಅಯ್ಯ, ಇದಕ್ಕೂ ಭಂಡಾರದ ಅರಿಶಿನ ಹಚ್ಚೀರಲ್ಲೇ, ನಕ್ಕವಳ ಬಾಯಿ ಹಾಗೇ ನಿಂತಿತು, ಅಲ್ಲಬೇ, ಹೊರಗಾದಾಗ ಜಗಲಿ ಹೆಂಗ ಮುಟ್ಟತಿ, ಎಲ್ಲಿ ಮುಟ್ಟಾಕ ಬರತೈತಿ ಅಕ್ಕ, ಐದನೇ ದಿನ ತಲಿ ಮ್ಯಾಲೆ ನೀರು ಹಾಕ್ಕೊಂಡು ಬಂದು ಕೆಂಪಿಗೆ ಹಾಕತೀನಿ — ಒದ್ದೆ ಕೂದಲು, ತುದಿಗಾಲು, ಮೊಳೆಗೆ ಚಾಚಿದ ಕೈ — ಯವ್ವಾ, ಕೆಂಪು ಅಂದ್ರ ಕಂಡ ದಿನ, ಕಂಡ ದಿನಾನ, ನಾ ಹೇಳಿದ್ದು ಅದ. ನಾಲ್ಕು ದಿನ, ಪ್ರತಿ ತಿಂಗಳೂ ಉಂಗುರ ನಾಲ್ಕು ದಿನ ಹಿಂದೆ, ಮೂರು ತಿಂಗಳು ಆ ದಿನಗಳಲ್ಲಿ ಕಾಂತೇಶ ಊರಲ್ಲಿರಲಿಲ್ಲ, ಅದಕ್ಕೇ ಉಳಿದಳು, ಐದಕ್ಕೆ ನಾಲ್ಕು ಸೇರಿದರೆ ಒಂಬತ್ತು, ಒಂಬತ್ತನೇ ಮಣಿ ಬಿಳಿ, ಮೂವತ್ತೊಂದಕ್ಕೆ ನಾಲ್ಕು — ಸರದಲ್ಲಿ ಅಷ್ಟು ಮಣಿಗಳೇ ಇಲ್ಲ, ಕಂದು ಎಂದು ತಾನೇ ಬಾಯಿಬಿಟ್ಟು ಹೇಳಿದ್ದು, ಅವನೋ ಕಂಬಳಿಗೆ ಕೈಹಾಕಿದ್ದವನು, ಒದ್ದೆ ಕೂದಲು, ತುದಿಗಾಲು — ಬಸುರು ನೋಡೂ ಕಿಟ್ ಐತಿ ನನ್ನ ಚೀಲದಾಗ, ಹೆದರಬ್ಯಾಡ, ಏನಿದ್ರೂ ಇವತ್ತ ಡಾಕ್ಟ್ರ ಹಂತೇಕ ಹೋಗೂಣು, ನಾ ಬರತೀನಿ, ಹೋಗು, ಬಚ್ಚಲ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಕಾಲಿನಿಂದ ಒತ್ತಿ ಹಿಡಿದಳು, ಹೊರಗೆ ಕೂಸು ಎದ್ದು ಅಳುತ್ತಿದೆ, ಬಂದೆ ಕಂದ, ಬಂದೆ ನನ್ನವ್ವ, ಒಂದು ಗೆರೆ, ಒಂದೇ, ಒಂದೇ ಇರಲಿ — ಪಕ್ಕದಲ್ಲಿ ಮಸುಕಾಗಿ, ಮೆಲ್ಲಗೆ, ಎರಡನೆಯದೂ ಮೂಡಿತು, ಮುಂದೆ ಏನೂ ಹೊಳೆಯುತ್ತಿಲ್ಲ, ಮನಸ್ಸಿನಲ್ಲಿ ಡಾಕ್ಟರೂ ಇಲ್ಲ, ಕಾಂತೇಶನೂ ಇಲ್ಲ, ಒದ್ದೆ ಕೂದಲು, ದೇವರ ಮೇಲೆ ಹನಿ ಬೀಳದಂತೆ ಸೆರಗು ಒತ್ತಿಕೊಂಡು, ತುದಿಗಾಲಲ್ಲಿ ನಿಂತು, ಉಂಗುರವನ್ನು ಕೆಂಪು ಮಣಿಗೆ ಏರಿಸುತ್ತಿರುವ ಒಂದು ಕೈ, ಏರಿಸುತ್ತಲೇ ಇರುವ ಕೈ