ಎಡಗಣ್ಣಿನ ನೀರು

ಸೂಪಿಗೆ ಉಪ್ಪು ಸರಿಯಾಗಿದೆ, ಇದು ಸಣ್ಣ ಸಂಗತಿಯಲ್ಲ, ಒಂದು ಸಂಸಾರದ ಹಣೆಬರಹ ಈ ಹೊತ್ತು ಉಪ್ಪಿನ ಮೇಲೆ ನಿಂತಿದೆ, ಇವಳು ಸೌಟಿನಿಂದ ಮತ್ತೊಮ್ಮೆ ಅಂಗೈಗೆ ಹನಿಸಿಕೊಂಡು ನೆಕ್ಕಿದಳು, ಖಾರವಿಲ್ಲ, ಈರುಳ್ಳಿ ಹೆಚ್ಚಿಲ್ಲ, ಹೊಗೆಯಿಲ್ಲ, ಕಣ್ಣಿಗೆ ಯಾವ ನೆಪವೂ ಇಲ್ಲ — ಮೇಜಿನಾಚೆ ಗಂಡ ಮೊದಲ ಗುಟುಕು ಕುಡಿದ, ಅಗೋ ಬಂತು, ಎಡಗಣ್ಣಿನಿಂದ ಹನಿಯೊಂದು ಇಳಿದು ಮೂಗಿನ ಪಕ್ಕ ಹಾದು ಗದ್ದದ ಅಂಚಿನಲ್ಲಿ ತೂಗುತ್ತಿದೆ, ಬೀಳುವುದಿಲ್ಲ, ಅಲ್ಲೇ ನಿಂತು ಇವಳನ್ನು ನೋಡುತ್ತದೆ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಆ ಎಡಮುಖವೇ ಜೋತುಬಿದ್ದಿತ್ತು, ಬಾಯಿ ಮುಕ್ಕಳಿಸಿದ ನೀರು ಒಂದೇ ಕಡೆಯಿಂದ ಸೋರಿತ್ತು, ಗಡಿಯಾರ ರಿಪೇರಿಯವನು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಿಡಿದಿಡಲು ಹುಬ್ಬಿಗೆ ಬಲವಿಲ್ಲದೆ ಬಿಚ್ಚಿಟ್ಟ ಗಡಿಯಾರದೊಳಗೇ ಟಪ್ಪನೆ ಬಿದ್ದಿತ್ತು, ಮುಚ್ಚದ ರೆಪ್ಪೆಗೆ ಟೇಪು ಅಂಟಿಸಿ ಮಲಗಿಸಿದವಳು ಇವಳೇ, ತೀರಿಕೊಂಡ ಮೊದಲ ಹೆಂಡತಿಯೇನು ಎದ್ದು ಬಂದಿರಲಿಲ್ಲ, ಆಮೇಲೆ ಮುಖ ನೆಟ್ಟಗಾಯಿತು, ಬಾಯಿ ನೆಟ್ಟಗಾಯಿತು, ಉಣ್ಣಲು ಕೂತರೆ ಅಳು ಶುರುವಾಯಿತು. ಬೇಜಾರು ಮಾಡ್ಕೋಬೇಡಿ ಅತ್ತಿಗೆ, ಅವರು ಬಡಿಸ್ತಿದ್ದಾಗ ನಮ್ಮಣ್ಣ ಹಾಡು ಗುನುಗ್ತಾ ಉಣ್ಣೋನು — ಅಂದ ನಾದಿನಿ ಎರಡನೇ ಸಲ ಬಡಿಸಿಕೊಂಡು ಹೋದಳು, ಬೇಜಾರು ಮಾಡ್ಕೋಬೇಡಿ ಅನ್ನುವವರು ಯಾತಕ್ಕೆ ಬಂದಿರುತ್ತಾರೆಂದು ತಿಳಿಯದಷ್ಟು ಪೆದ್ದಿಯೇ ಇವಳು? ಡಾಕ್ಟರು ನಕ್ಕರು, ನೋಡಿಮ್ಮಾ, ನರ ಮತ್ತೆ ಬೆಳೆಯುವಾಗ ದಾರಿ ತಪ್ಪಿದೆ, ಬಾಯಲ್ಲಿ ನೀರೂರಿಸಬೇಕಾದ್ದು ಕಣ್ಣಲ್ಲಿ ಊರಿಸ್ತಿದೆ, ಎಡಗಣ್ಣಲ್ಲಿ ಮಾತ್ರ, ಅದು ಅಳುವಲ್ಲ, ಈ ರೋಗಕ್ಕೆ ಮೊಸಳೆ ಕಣ್ಣೀರು ಅಂತಾನೇ ಹೆಸರು — ಮೊಸಳೆಯಂತೆ, ಗಂಡಸರೆಲ್ಲ ಒಂದೇ ಪಕ್ಷ. ಆದರೂ ನೋಡಿದಳು, ಅಂಗಡಿಯ ಬ್ರೆಡ್ಡಿಗೂ ನೀರು ಬಂತು, ಒಣ ಬಿಸ್ಕತ್ತಿಗೂ ಬಂತು, ಬಿಸ್ಕತ್ತು ಮಾಡಿದ್ದು ಯಂತ್ರ, ಯಂತ್ರದ ಮೇಲೆ ಯಾರಿಗೆ ಹಳೇ ಪ್ರೀತಿ, ಅಲ್ಲಿಗೆ ಬಿಡಬಹುದಿತ್ತು, ಆದರೆ ಬಟ್ಟೆ ಹೊಲಿದು ಬದುಕಿದವಳು, ಒಂದೇ ಅಳತೆ ನಂಬಿ ಕತ್ತರಿ ಇಟ್ಟವಳಲ್ಲ, ಅದಕ್ಕೇ ಇವತ್ತು ಅಟ್ಟ ಹತ್ತಿ ಆ ಮೊದಲನೆಯವಳ ನೀಲಿ ಬಟ್ಟಲು ಇಳಿಸಿ ತೊಳೆದು ಅದರಲ್ಲೇ ಸೂಪು ಬಡಿಸಿದ್ದಾಳೆ, ರೋಗವೇ ಆಗಿದ್ದರೆ ರೋಗಕ್ಕೆ ಬಟ್ಟಲು ಯಾವುದಾದರೇನು, ಎಡಗಣ್ಣೊಂದೇ ನೀರು ಸುರಿಸಲಿ, ಅಷ್ಟೇ ಸಾಕು, ಅಷ್ಟಾದರೆ ಇವಳು ಇನ್ನು ಜನ್ಮದಲ್ಲಿ ಕೇಳುವುದಿಲ್ಲ — ಹನಿ ತೂಗುತ್ತಿದೆ, ಎಡಗಡೆಯದೇ, ಆಹಾ, ಡಾಕ್ಟರು ದೇವರಂಥವರು — ಅವನ ಹೆಬ್ಬೆರಳು ಬಟ್ಟಲಿನ ಅಂಚು ಸವರುತ್ತ ಮುಕ್ಕಾದ ಜಾಗಕ್ಕೆ ಬಂದು ನಿಂತಿತು, ಕಣ್ಣಿಂದ ನೋಡದೆ ಹೇಗೆ ಗೊತ್ತಾಯಿತು ಬೆರಳಿಗೆ, ಇದು ಇನ್ನೂ ಇತ್ತೇನೇ, ಅಟ್ಟದ ಮೇಲಿತ್ತು ರೀ, ಯಾಕೆ ತೆಗ್ದೆ, ಬೇರೆ ಯಾವ್ದೂ ತೊಳೆದಿರ್ಲಿಲ್ಲ — ತೊಳೆದ ಬಟ್ಟಲುಗಳೆಲ್ಲ ಇವಳ ಬೆನ್ನ ಹಿಂದೆ ಸಾಲಾಗಿ ಹೊಳೆಯುತ್ತಿವೆ — ಅವನು ಚಮಚ ಕೆಳಗಿಟ್ಟ, ಬಾಯಲ್ಲಿ ಏನೂ ಇಲ್ಲ, ಅಗಿಯುತ್ತಿಲ್ಲ, ನುಂಗುತ್ತಿಲ್ಲ, ಗದ್ದದ ಅಂಚಿನ ಹನಿ ತೂಗುತ್ತಿದೆ, ಬೀಳುವುದಿಲ್ಲ, ಅದನ್ನೇ ನೋಡು, ಎಡಗಡೆಯದನ್ನೇ, ಆ ಕಡೆ ನೋಡಬೇಡ.

ಬಲಗಣ್ಣಿನಲ್ಲೂ ನೀರಿತ್ತು.