ನಬಿಸಾಬರ ಪೈಲ್ವಾನ ಮೀನುಗಳು

ಅಥಣಿಯ ನಬಿಸಾಬರಿಗೆ ಊಟದ ತಾಟಿನ ಮುಂದೆ ನಾಚುವವರನ್ನು ಕಂಡರೆ ಮೈಯೆಲ್ಲ ಉರಿ. ಅಳಿಯ ತೌಹೀದ ಆ ಪೈಕಿಯವನೇ. ಒಂದು ರೊಟ್ಟಿ ತಿಂದು 'ಸಾಕ್ರಿ ಮಾಮಾ' ಎಂದು ಕೈ ತೊಳೆದುಬಿಡುವ ಪ್ರಾಣಿ. ಥೂ, ಇಂಥವನಿಗೆ ಮಗಳನ್ನು ಕೊಟ್ಟೆನಲ್ಲ!

ಆ ಮಗಳು ಮೆಹೆಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟನೇ ತಿಂಗಳು. ಹಿಂದಿನ ಓಣಿಯಲ್ಲೇ ಇಬ್ಬರಿಗೆ ಡೆಂಗ್ಯೂ ಆಗಿತ್ತು. ಬಸುರಿಗೆ ಸೊಳ್ಳೆ ಕಚ್ಚಿದರೆ ಗತಿಯೇನೆಂದು ತಾಯಿ ಬೇಗಂಬಿಗೆ ನಿದ್ದೆಯೇ ಇಲ್ಲ. ಸೊಳ್ಳೆಯ ಮರಿಹುಳು ತಿನ್ನಲೆಂದು ಆಶಾ ಕಾರ್ಯಕರ್ತೆ ಪೂನಮ ಅಂಗಳದ ನೀರಿನ ಟಾಕಿಗೆ ಏಳು ಗಪ್ಪಿ ಮೀನು ಬಿಟ್ಟುಹೋದಳು.

ನಬಿಸಾಬರು ಬಿಡುತ್ತಾರೆಯೇ? ಮೀನುಗಳ ಯೋಗ್ಯತೆ ನೋಡಲು ದಿನಾ ಮುಂಜಾನೆ ರೊಟ್ಟಿ ಮುರಿದು ಹಾಕತೊಡಗಿದರು. ನಾಲ್ಕು ಮೀನು ಬಾಯ್ದೆರೆದು ಮೇಲಕ್ಕೆ ನುಗ್ಗುತ್ತಿದ್ದವು. ಉಳಿದ ಮೂರು ಅವರ ನೆರಳು ಕಂಡರೆ ತಳ ಸೇರುತ್ತಿದ್ದವು.

"ಈ ನಾಕು ಪೈಲ್ವಾನರು! ಆ ಮೂರು ಹೇಡಿಗೋಳು ಏನ್ ತಿಂತಾವ, ಮಣ್ಣ!"

ಹೆಂಡತಿಯನ್ನು ನೋಡಲು ಬಂದ ತೌಹೀದನ ಕೈಗೆ ಆ ಮೂರನ್ನೂ ಬಾಟಲಿಯಲ್ಲಿ ಹಾಕಿಕೊಟ್ಟರು. "ತಗೋರಿ ಜಮಾಯಿಸಾಬ್ರ, ನಿಮ್ಮ ತಮ್ಮಂದಿರಿದ್ದಾಂಗ ಅದಾವು."

ಅವನು ಅವನ್ನು ತನ್ನೂರು ಕಾಗವಾಡಕ್ಕೆ ಒಯ್ದು ತನ್ನ ಮನೆಯ ಟಾಕಿಗೆ ಬಿಟ್ಟ.

ಎಂಟು ದಿನ ಬಿಟ್ಟು ಪೂನಮ ಬಂದು ನೋಡಿದರೆ ನೀರ ತುಂಬ ಮರಿಹುಳು ಮಿಜಿಮಿಜಿ. ಹೊಟ್ಟೆ ಉಬ್ಬಿದ ಪೈಲ್ವಾನರು ರೊಟ್ಟಿಗಾಗಿ ಅವಳ ಕೈಗೂ ಬಾಯಿ ತೆರೆದರು.

"ಮೀನೆಲ್ಲಾ ಒಂದ ನಮೂನಿ ಇರೂದಿಲ್ರೀ ಕಾಕಾ. ಅಂಜುವ ಮೀನ ನೀವ್ ಒಳಗ ಹೋದ ಮ್ಯಾಲ ಹುಳಾ ತಿಂತಿದ್ವು. ಇವಕ್ಕ ರೊಟ್ಟಿ ಸಿಕ್ಕ ಮ್ಯಾಲ ಹುಳಾ ಯಾಕ ಬೇಕ್ರಿ?"

"ಟಾಕಿ ಇವತ್ತ ತೊಳಸ್ತೇನಿ, ಅಷ್ಟ ಅಲಾ!"

"ತೊಳಸ್ರಿ. ಆಗಲೇ ಹಾರಿದ ಸೊಳ್ಳಿ ಏನ್ ಮಾಡ್ತೀರಿ?"

ಮೆಹೆಕ ಗಂಡನಿಗೆ ಫೋನ್ ಹಚ್ಚಿದಳು. ಅವನ ಟಾಕಿಯಲ್ಲಿ ಹುಡುಕಿದರೂ ಒಂದು ಹುಳವೂ ಇರಲಿಲ್ಲ. ಅವಳನ್ನು ಕರೆದೊಯ್ಯಲು ಸಂಜೆಗೆ ಗಾಡಿ ತಂದ. ನಬಿಸಾಬರು ಬಾಗಿಲಿಗೆ ಅಡ್ಡ ನಿಂತರು.

"ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು! ಅಲ್ಲಿ ಇಕಿನ್ನ ನೋಡ್ಕೊಳ್ಳಾವ್ರು ಯಾರು?"

"ನಾನು," ಎಂದಳು ಬೇಗಂಬಿ. ಅವಳ ಕೈಯಲ್ಲೂ ಚೀಲವಿತ್ತು. "ಸರೀರಿ ಆಕಡೆ. ರೊಟ್ಟಿ ಡಬ್ಬ್ಯಾಗ ಅದಾವು, ನಿಮ್ಮ ಪೈಲ್ವಾನರ ಜೋಡಿ ಕುಂತ ಉಣ್ರಿ."