ಒಂದು ಸಂಜೆಯ ಪರವಾನಗಿ

ಅರ್ಜಿಯಲ್ಲಿ ‘ಕಾರ್ಯಕ್ರಮದ ಕಾರಣ’ ಎಂದಿದ್ದ ಕಡೆ ನಾನು ಬರೆದದ್ದು ಇಷ್ಟೇ: ‘ನಮ್ಮಕ್ಕ ಹಾಡುತ್ತಾಳೆ.’ ಅದನ್ನು ಓದಿದ ಪರವಾನಗಿ ಕಚೇರಿಯ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

“ಇದು ಕಾರಣ ಅಲ್ಲಮ್ಮ. ಮದುವೆ, ಹುಟ್ಟುಹಬ್ಬ, ನಿವೃತ್ತಿ, ಹೀಗೆ ಏನಾದ್ರೂ ಇರ್ಬೇಕು. ಹುಟ್ಟುಹಬ್ಬ ಅಂತ ಬರೆದ್ಬಿಡಿ, ಯಾರು ಬಂದು ನೋಡ್ತಾರೆ?”

“ಹುಟ್ಟುಹಬ್ಬ ಅಲ್ವಲ್ಲ ಸಾರ್. ಸೋಮವಾರ ಅವಳಿಗೆ ಆಪರೇಷನ್. ಗಂಟಲಲ್ಲಿ ಗಡ್ಡೆ, ಧ್ವನಿಪೆಟ್ಟಿಗೇನೇ ತೆಗೀತಾರಂತೆ. ಅದಕ್ಕೆ ಶನಿವಾರ ಸಂಜೆ ನಮ್ಮ ಲಾಂಡ್ರಿ ಹಿಂದಿನ ಅಂಗಳದಲ್ಲಿ ಬೀದಿಯವರನ್ನೆಲ್ಲ ಕೂರಿಸ್ಕೊಂಡು ಹಾಡ್ತಾಳೆ. ಒಂದು ಮೈಕು, ಒಂದು ಪೀಪಾಯಿ ಬಿಯರು. ಅಷ್ಟೇ.”

“ಹಾಗಾದ್ರೆ ಇದು ಆರೋಗ್ಯದ ವಿಷಯ. ನಮ್ಮ ವಿಭಾಗಕ್ಕೆ ಬರಲ್ಲ.”

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯೆಲ್ಲ ಹೇಳುತ್ತದೆ. ಹೇಳಲಿ. ಅವತ್ತು ಮಾತ್ರ ನಾನು ಅದನ್ನು ನುಂಗಿಕೊಂಡೆ. ಸಾಹೇಬರ ಎದುರಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತು, “ಯಾವ ವಿಭಾಗಕ್ಕೆ ಬರುತ್ತೆ ಅಂತ ಗೊತ್ತಾಗೋವರೆಗೂ ಇಲ್ಲೇ ಕೂತಿರ್ತೀನಿ” ಅಂದೆ.

ಅಕ್ಕನ ವಿಷಯ ಹೇಳಬೇಕು. ಅವಳು ಯಾವ ವೇದಿಕೆಯನ್ನೂ ಹತ್ತಿದವಳಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಅವಳದು, ಒಗೆತ ನನ್ನದು. ಇಸ್ತ್ರಿ ಮೇಜಿನ ಮುಂದೆ ನಿಂತರೆ ಅವಳ ಬಾಯಿಗೆ ಹಾಡು ತಾನಾಗಿ ಬರುತ್ತದೆ. ನಮಗೆ ದೊಡ್ಡ ಗಿರಾಕಿ ಎಂದರೆ ಒಂದು ಹೋಟೆಲು. ಅವರ ಬೆಡ್‌ಶೀಟುಗಳು ದಿನವೂ ರಾಶಿ ಬೀಳುತ್ತವೆ. ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಚಿದರೆ ಅಂಚು ನೆಲಕ್ಕೆ ತಾಗಿ ಮತ್ತೆ ಕೊಳೆ. ಇಬ್ಬರು ಬೇಕು. ಆಚೆ ಎರಡು ಮೂಲೆ, ಈಚೆ ಎರಡು ಮೂಲೆ. ಅಕ್ಕನ ಹಾಡಿನ ಒಂದು ಸಾಲಿಗೆ ಇಬ್ಬರೂ ಹತ್ತಿರ ಬರಬೇಕು, ಇನ್ನೊಂದು ಸಾಲಿಗೆ ಹಿಂದೆ ಸರಿಯಬೇಕು. ಹಾಡಿಲ್ಲದೆ ಮಡಚಿದರೆ ಮೂಲೆಗೆ ಮೂಲೆ ಕೂಡುವುದಿಲ್ಲ. ನಮ್ಮಮ್ಮನ ಕಾಲದಿಂದಲೂ ನಮ್ಮಲ್ಲಿ ನಡೆದುಬಂದ ಕ್ರಮ ಇದು.

ಡಾಕ್ಟರು, “ಪ್ರಾಣ ಉಳಿಸಬಹುದು, ದನಿ ಉಳಿಸೋಕಾಗಲ್ಲ” ಅಂದ ದಿನ ನಾನು ದಾರಿಯುದ್ದಕ್ಕೂ ಅತ್ತೆ. ಅಕ್ಕ ಅಳಲಿಲ್ಲ. ಆಗಲೇ ಸ್ವಲ್ಪ ಒಡೆದಿದ್ದ ದನಿಯಲ್ಲಿ, “ಇಷ್ಟು ವರ್ಷ ಬಟ್ಟೆ ನೋಡ್ಕೊಂಡು ಹಾಡ್ದೆ ಕಣೇ. ಒಂದ್ಸಲ ತಲೆ ಎತ್ಕೊಂಡು ಹಾಡ್ಬೇಕು. ಜನರ ಮುಖ ನೋಡ್ಕೊಂಡು” ಅಂದಳು. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದನ್ನೂ ನಡೆಸಿಕೊಡದಿದ್ದರೆ ನಾನೆಂಥ ತಂಗಿ?

ಸಾಹೇಬರು ಸುಲಭಕ್ಕೆ ಬಗ್ಗಲಿಲ್ಲ. ನೆರೆಯವರ ಸಹಿ ಅಂದರು, ತಂದುಕೊಟ್ಟೆ. ಬೆಂಕಿ ಆರಿಸಲು ಮರಳಿನ ಬಕೆಟ್ಟು ಅಂದರು. “ಸಾರ್, ಅದು ಲಾಂಡ್ರಿ. ನೀರು ಬಿಟ್ರೆ ಅಲ್ಲಿ ಬೇರೇನೂ ಇಲ್ಲ” ಅಂದೆ. ಆದರೂ ಮರಳೇ ಬೇಕಂತೆ. ತಂದಿಟ್ಟೆ. ಶುಕ್ರವಾರ ಕಚೇರಿ ಮುಚ್ಚುವ ಹೊತ್ತಿಗೆ ಕಾರಣದ ಜಾಗದಲ್ಲಿ ‘ಇತರೆ’ ಎಂದು ತಾವೇ ತಿದ್ದಿ, ಸೀಲಿಗೆ ಹಾ ಎಂದು ಉಸಿರು ಬಿಟ್ಟು ಒತ್ತಿದರು.

“ಈ ಕಾಗದ ಸ್ಥಳದಲ್ಲಿ ಎಲ್ರಿಗೂ ಕಾಣೋ ಹಾಗೆ ಇರ್ಬೇಕು. ಇಲ್ದಿದ್ರೆ ಪರವಾನಗಿನೇ ಇಲ್ಲ ಅಂತ ಲೆಕ್ಕ. ನೆನಪಿರ್ಲಿ.”

ನೆನಪಿಲ್ಲದೆ ಏನು? ಜೋಪಾನವಾಗಿ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಬಂದೆ.

ಈಗ ನಗಬೇಡಿ. ಲಾಂಡ್ರಿಯವರಿಗೆ ಒಂದು ಅಭ್ಯಾಸವಿದೆ: ಊರವರ ಜೇಬನ್ನೆಲ್ಲ ತಡಕದೆ ಒಂದು ಅಂಗಿಯನ್ನೂ ನೀರಿಗೆ ಹಾಕುವುದಿಲ್ಲ. ಚಿಲ್ಲರೆ, ಉಂಗುರ, ಬಸ್ ಟಿಕೆಟು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವನ್ನೂ ತೆಗೆದಿಟ್ಟು ಕೊಟ್ಟಿದ್ದೇವೆ. ಆದರೆ ನಮ್ಮ ಜೇಬನ್ನು ನಾವು ನೋಡಿಕೊಂಡದ್ದೇ ಇಲ್ಲ. ಶನಿವಾರ ಬೆಳಿಗ್ಗೆ ಬಿಳಿ ಬಟ್ಟೆಗಳ ಜೊತೆ ನನ್ನ ಏಪ್ರನ್ನನ್ನೂ ಬಿಚ್ಚಿ ಮೆಷಿನ್ನಿಗೆ ಎಸೆದೆ. ತೆಗೆದಾಗ ಜೇಬಿನಲ್ಲಿ ಒಂದು ಹಿಡಿ ಬಿಳಿ ಮುದ್ದೆ ಇತ್ತು, ಅದರ ಮೇಲೊಂದು ನೇರಳೆ ಕಲೆ. ಅದೇ ಸೀಲು.

ಬೈಯೋಣವೆಂದರೆ ನನ್ನ ಬಿಟ್ಟು ಬೇರೆ ಯಾರೂ ಇಲ್ಲ. ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಕಚೇರಿಗೆ ಫೋನ್ ಮಾಡಿದರೆ ಕಾವಲುಗಾರ ಎತ್ತಿ, “ನಕಲು ಬೇಕಿದ್ರೆ ಸೋಮವಾರ ಬನ್ನಿ” ಅಂದ. ಸೋಮವಾರ!

ಪೀಪಾಯಿಯನ್ನು ಉರುಳಿಸಿಕೊಂಡು ಬಂದ ಭಾವ ವಿಷಯ ಕೇಳಿ ಅದರ ಮೇಲೆಯೇ ಕೂತುಬಿಟ್ಟರು. “ಬೇಡಮ್ಮ, ಸುಮ್ನೆ ಬಿಟ್ಬಿಡೋಣ. ಆಪರೇಷನ್ ಹೊತ್ತಲ್ಲಿ ಕೇಸು ಗೀಸು ಅಂತ ಯಾಕೆ?”

ಅಕ್ಕ ಸಂಜೆಗೆ ದನಿ ಉಳಿಯಲೆಂದು ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದಳು. ಗಂಡನ ಮಾತಿಗೆ ಮಾತ್ರ ಬಾಯಿ ಬಿಟ್ಟಳು. “ಸಂಜೆ ಹಾಡೋದು ನಾನಾ, ಕಾಗದಾನಾ?”

ಅಲ್ಲಿಗೆ ಆ ಮಾತು ಮುಗಿಯಿತು. ನಾನು ಆ ಮುದ್ದೆಯನ್ನು ಬಿಡಿಸಿ, ಇಸ್ತ್ರಿ ಹಾಕಿ, ಎರಡು ಕ್ಲಿಪ್ಪು ಸಿಕ್ಕಿಸಿ ಅಂಗಳದ ತಂತಿಗೆ ನೇತುಹಾಕಿದೆ. ಎಲ್ಲರಿಗೂ ಕಾಣುವ ಹಾಗೆ.

ಸಂಜೆ ಇಸ್ತ್ರಿ ಮೇಜನ್ನು ಅಂಗಳಕ್ಕೆ ಹೊತ್ತು ತಂದೆವು. ಸುತ್ತ ತಂತಿಗಳ ಮೇಲೆ ಹೋಟೆಲಿನ ಬೆಡ್‌ಶೀಟುಗಳು ಒಣಗುತ್ತಿದ್ದವು. ಅವುಗಳ ನಡುವೆ ಬೆಂಚು, ಬಕೆಟ್ಟು, ಮೆಟ್ಟಿಲು, ಸಿಕ್ಕಿದ್ದರ ಮೇಲೆ ಬೀದಿ ಕೂತಿತ್ತು. ಅಕ್ಕ ಮೇಜು ಹತ್ತಿ ನಿಂತಳು. ಮೊದಲ ಹಾಡಿಗೆ ಅಭ್ಯಾಸಬಲದಿಂದ ಕತ್ತು ಕೆಳಗೇ ಬಗ್ಗಿತು. ಎರಡನೆಯದಕ್ಕೆ ನಿಧಾನವಾಗಿ ತಲೆ ಎತ್ತಿದಳು. ನಮ್ಮಕ್ಕನಿಗೆ ಅಷ್ಟು ಚೆಂದದ ಕಣ್ಣಿದೆ ಎಂದು ನನಗೂ ಅವತ್ತೇ ಗೊತ್ತಾಯಿತು.

ಮೂರನೆಯ ಹಾಡಿನ ನಡುವೆ ಸಾಹೇಬರು ಬಂದರು. ತಪಾಸಣೆಯಂತೆ.

“ಪರವಾನಗಿ ಎಲ್ಲಿ?”

ತಂತಿಯ ಕಡೆ ಕೈ ತೋರಿಸಿದೆ. ಅವರು ಹತ್ತಿರ ಹೋಗಿ ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

“ಇದರಲ್ಲಿ ಏನೂ ಇಲ್ವಲ್ಲಮ್ಮ.”

“ಒಗೆದಿದ್ದೀನಿ ಸಾರ್. ನೀವೇ ಅಲ್ವಾ ನಿನ್ನೆ ಕೊಟ್ಟಿದ್ದು?”

“ಕೊಟ್ಟಿದ್ದೆ. ಅದನ್ನ ತೋರ್ಸಿ. ತೋರ್ಸೋಕಾಗದಿದ್ರೆ ಮೈಕು ಬಂದ್, ಬಿಯರು ಬಂದ್, ಮನರಂಜನೆ ಬಂದ್.”

ಜನ ಗೊಣಗಿದರು. ಭಾವನ ಮುಖ ಪೆಚ್ಚಾಯಿತು. ಮೇಜಿನ ಮೇಲೆ ಅಕ್ಕ ಹಾಡು ನಿಲ್ಲಿಸಿ ನನ್ನ ಕಡೆ ನೋಡಿದಳು. ಅವಳ ಕತ್ತು ಮತ್ತೆ ಕೆಳಗೆ ಹೋಗುತ್ತಿತ್ತು. ಅದನ್ನು ನೋಡಿ ಬೆಳಿಗ್ಗೆಯಿಂದ ಒಳಗಿಟ್ಟುಕೊಂಡಿದ್ದ ಕೋಪವೆಲ್ಲ ಒಂದೇ ಸಲ ನನ್ನ ನೆತ್ತಿಗೇರಿತು.

ಮೈಕಿನ ತಂತಿ ಕಿತ್ತೆ. ಪೀಪಾಯಿಯ ನಲ್ಲಿ ತಿರುಗಿಸಿ ಮುಚ್ಚಿದೆ. “ಆಯ್ತಲ್ಲ ಸಾರ್? ಮನರಂಜನೆ ಮುಗೀತು. ಈಗ ನಮ್ಮ ಕೆಲಸ ನಾವು ಮಾಡ್ಕೋಬಹುದಲ್ವಾ? ಕೆಲಸಕ್ಕೂ ಪರವಾನಗಿ ಬೇಕಾ?”

“ಕೆಲಸಕ್ಕೆ ಯಾಕೆ ಬೇಕು?”

“ಹಾಗಾದ್ರೆ ಏಳಿ ಎಲ್ರೂ! ಹೋಟೆಲಿನ ಬೆಡ್‌ಶೀಟು ಒಣಗಿದೆ, ಮಡಚ್ಬೇಕು. ಅಕ್ಕಾ, ಮಡಚೋ ಹಾಡು. ನೀನು ಮಾತ್ರ ಕೆಳಗೆ ನೋಡ್ಬೇಡ!”

ಅಕ್ಕ ನಕ್ಕಳು. ತಲೆ ಎತ್ತಿದಳು. ಮೈಕಿಲ್ಲದ ಆ ದನಿ ಒರಟಾಗಿತ್ತು, ಆದರೆ ಅಂಗಳದ ಕೊನೆಯ ಗೋಡೆಗೆ ಮುಟ್ಟಿತು. ಬೀದಿಯವರು ಇಬ್ಬಿಬ್ಬರಾಗಿ ಮೂಲೆ ಹಿಡಿದರು. ಒಂದು ಸಾಲಿಗೆ ಎಲ್ಲರೂ ಹತ್ತಿರ, ಇನ್ನೊಂದಕ್ಕೆ ದೂರ. ಇಡೀ ಅಂಗಳದಲ್ಲಿ ಬಿಳಿ ಬಟ್ಟೆಗಳು ಕೂಡುತ್ತ ಅಗಲುತ್ತ ಇದ್ದವು.

“ಇದೂ ಮನರಂಜನೆನೇ!” ಸಾಹೇಬರು ಕೂಗಿದರು.

ನಾನು ಒಂದು ಬೆಡ್‌ಶೀಟು ಎಳೆದುಕೊಂಡು ಅದರ ಎರಡು ಮೂಲೆಗಳನ್ನು ಅವರ ಕೈಗೆ ತುರುಕಿದೆ. “ಹಿಡ್ಕೊಳ್ಳಿ ಸಾರ್, ಬಿಟ್ರೆ ನೆಲಕ್ಕೆ ಬೀಳುತ್ತೆ. ಮತ್ತೆ ನೀವೇ ಒಗೀಬೇಕು.”

“ನಾನು ಡ್ಯೂಟಿ ಮೇಲಿದ್ದೀನಿ!”

“ನಾವೂ ಡ್ಯೂಟಿ ಮೇಲೇ ಇದ್ದೀವಿ.”

ಬಿಡಲೂ ಆಗದೆ ಹಿಡಿಯಲೂ ಆಗದೆ ಅವರು ನಿಂತರು. ಹಾಡಿನ ಸಾಲು ಬಂತು. ನಾನು ಮುಂದೆ ಹೆಜ್ಜೆಯಿಟ್ಟೆ. ಅವರೂ ಇಟ್ಟರು. ಮೂಲೆಗೆ ಮೂಲೆ ಸರಿಯಾಗಿಯೇ ಕೂಡಿತು, ಅದನ್ನು ಒಪ್ಪಿಕೊಳ್ಳಬೇಕು.

ಬೆಡ್‌ಶೀಟುಗಳು ಮುಗಿಯುತ್ತ ಬಂದವು. ಕೆಲಸ ಮುಗಿದರೆ ಹಾಡೂ ಮುಗಿಯಬೇಕಲ್ಲ. ಆಗ, ಬೆಳಿಗ್ಗೆ ಹೆದರಿ ಪೀಪಾಯಿಯ ಮೇಲೆ ಕೂತಿದ್ದ ಆ ನಮ್ಮ ಭಾವ, ಸಾಹೇಬರ ಬೆನ್ನ ಹಿಂದೆ ಮಡಚಿದ್ದನ್ನೆಲ್ಲ ಬಿಡಿಸಿ ಮತ್ತೆ ಹಂಚತೊಡಗಿದರು. ಹೀಗೆ ಅವೇ ಬೆಡ್‌ಶೀಟುಗಳನ್ನು ಮತ್ತೆ ಮತ್ತೆ ಮಡಚಿದೆವು, ಅಕ್ಕನ ಹಾಡುಗಳೆಲ್ಲ ಮುಗಿಯುವವರೆಗೂ. ಕೊನೆಯ ಹಾಡಿನ ನಡುವೆ ಅವಳ ದನಿ ನಿಂತುಹೋಯಿತು. ತುಟಿ ಮಾತ್ರ ಆಡುತ್ತಿತ್ತು. ಯಾರೂ ಮೂಲೆ ಬಿಡಲಿಲ್ಲ. ಅವಳ ತುಟಿ ನೋಡಿಕೊಂಡೇ ಹತ್ತಿರ ಬಂದೆವು, ದೂರ ಸರಿದೆವು. ನನಗೆ ಕಣ್ಣು ಕಾಣುತ್ತಿರಲಿಲ್ಲ, ಅಷ್ಟು ನೀರು.

ಸೋಮವಾರ ಆಪರೇಷನ್ ಆಯಿತು. ಅಕ್ಕ ಉಳಿದಳು.

ಅವಳು ಮತ್ತೆ ಇಸ್ತ್ರಿ ಮೇಜಿಗೆ ಬಂದ ವಾರವೇ ಕಚೇರಿಯಿಂದ ನೋಟೀಸು ಬಂತು. ಪರವಾನಗಿಯಿಲ್ಲದೆ ಮನರಂಜನೆ ನಡೆಸಿದ್ದಕ್ಕೆ ಉತ್ತರ ಕೊಡಬೇಕಂತೆ. ಕೆಳಗೆ ಅದೇ ಸಾಹೇಬರ ಸಹಿ, ಅದೇ ನೇರಳೆ ಸೀಲು. ಬೆಡ್‌ಶೀಟು ಮಡಚಿದ ಕೈಯಲ್ಲೇ ಬರೆದಿದ್ದಾರೆ, ಭೂಪ! ಅಕ್ಕ ಓದಿ ನನಗೆ ಕೊಟ್ಟಳು. ಆಪರೇಷನ್ನಿನ ಪಟ್ಟಿ ಸುತ್ತಿದ ಕತ್ತಿನ ಮೇಲೆ ಅವಳ ಮುಖ ನೆಟ್ಟಗೆ ನನ್ನನ್ನೇ ನೋಡುತ್ತಿತ್ತು. ಈಗವಳು ಇಸ್ತ್ರಿ ಮಾಡುವಾಗಲೂ ಕತ್ತು ಬಗ್ಗಿಸುವುದಿಲ್ಲ.

ನೋಟೀಸನ್ನು ನಾಲ್ಕಾಗಿ ಮಡಚಿ ಏಪ್ರನ್ನಿನ ಜೇಬಿಗೆ ಹಾಕಿದೆ. ಏಪ್ರನ್ನು ಬಿಚ್ಚಿ ಮೆಷಿನ್ನಿಗೆ ಎಸೆದೆ. ಈ ಸಲ ಜೇಬು ನೋಡಿಯೇ ಹಾಕಿದ್ದು.

ಸ್ವಿಚ್ಚು ಒತ್ತಿದ್ದು ಅಕ್ಕ.